ಐವತ್ತೆರಡು ಸಾವಿರದ ಒಂದರಿಂದ

ಆ ಸಂಖ್ಯೆಯನ್ನು ಅವನು ಮೂರನೆಯ ಸಲ ಒತ್ತಿದ. ಐವತ್ತೆರಡು ಸಾವಿರದ ಮುನ್ನೂರ ಅರವತ್ತೊಂದು. ಮೂರನೆಯ ಸಲವೂ ಪರದೆಯ ಮೇಲೆ ಅದೇ ಉತ್ತರ: ಸಾಲುಗಳು ಸೊನ್ನೆ. ಗಾಜಿನ ಕಿಟಕಿಯಾಚೆ, ಆ ಸಂಖ್ಯೆ ಬರೆದ ಹಳದಿ ಚೀಟಿ ತಂದ ದರ್ಜಿ ನಿಂತಿದ್ದ. ಕೆಲಸದ ನಡುವೆ ಎದ್ದು ಬಂದವನಿರಬೇಕು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹೋದ ವರ್ಷ ಹೆಂಡತಿಗೆ ಗಂಟಲಿನ ಆಪರೇಷನ್ ಆಗಿತ್ತು, ಹೋದ ತಿಂಗಳು ಅವಳು ತೀರಿಕೊಂಡಳು, ಆಪರೇಷನ್ನಿಗೆ ಮುಂಚೆ ಅವಳ ದನಿಯನ್ನು ಹಿಡಿದಿಟ್ಟಿದ್ದಾರಲ್ಲ, ಅದು ಬೇಕು. ಇಷ್ಟನ್ನು ದರ್ಜಿ ಕಿಟಕಿಯಲ್ಲಿ ಕೂರುವ ಹೆಂಗಸಿಗೆ ಒಂದು ಸಲ, ಇವನಿಗೆ ಒಂದು ಸಲ ಹೇಳಿ ಮುಗಿಸಿದ್ದ. ದನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರೆಲ್ಲ ಅದಕ್ಕೆ ಮುಂಚೆ ಒಂದು ದಿನ ಈ ಆಸ್ಪತ್ರೆಯಲ್ಲೋ ಇದರ ಶಾಖೆಯಲ್ಲೋ ಸದ್ದು ನುಗ್ಗದ ಕೋಣೆಯಲ್ಲಿ ಕೂತು ನೂರು ವಾಕ್ಯ ಓದುತ್ತಾರೆ. ಕೊನೆಯ ಐದು ನಿಮಿಷ ಏನನ್ನೂ ಓದಬೇಕಿಲ್ಲ, ತೋಚಿದ್ದನ್ನು ಮಾತಾಡಬಹುದು. ಓದಿದ್ದನ್ನು ಇಟ್ಟುಕೊಂಡು ಮುಂದೊಂದು ದಿನ ಯಂತ್ರಕ್ಕೆ ಅವರ ದನಿ ಕಲಿಸಬಹುದು ಎಂದು ಡಾಕ್ಟರು ಹೇಳುತ್ತಾರೆ. ಮನೆಯವರು ಕೇಳಿಕೊಂಡು ಬರುವುದು ಮಾತ್ರ ಆ ಐದು ನಿಮಿಷವನ್ನೇ. ಆ ದನಿಗಳ ಪಟ್ಟಿಯನ್ನು ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಇವನು.

"ಸಿಕ್ತಾ ಸಾರ್?"

"ಸ್ವಲ್ಪ ಇರಿ."

"ಅವಳು ಒಳಗೆ ಮಾತಾಡ್ತಿದ್ದಾಗ ನಾನು ಹೊರಗೆ ಬೆಂಚ್ ಮೇಲೆ ಕೂತಿದ್ದೆ. ಏನು ಹೇಳ್ದೆ ಅಂತ ಕೇಳಿದ್ರೆ, ಆಮೇಲೆ ಕೇಳ್ಕೊಳ್ಳಿ, ಈಗ್ಯಾಕೆ ಅವಸರ ಅಂದ್ಲು." ದರ್ಜಿ ನಕ್ಕ. ನಗುವಾಗ ಟೇಪಿನ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದುಕೊಂಡಿದ್ದ.

ಒಂದು ಸಾಲು ಸಿಗದಿದ್ದರೆ ಅದರ ಅಕ್ಕಪಕ್ಕ ತಡಕುವುದು ಇವನ ರೂಢಿ. ಈ ಸಂಖ್ಯೆಯಿಂದ ಆ ಸಂಖ್ಯೆಯವರೆಗೆ ಎಂದು ಕೇಳಿದರೆ ಕಂಪ್ಯೂಟರ್ ಅಷ್ಟನ್ನೂ ಒಂದೇ ಕಂತೆಯಾಗಿ ಎತ್ತಿ ಕೊಡುತ್ತದೆ, ಒಬ್ಬೊಬ್ಬರನ್ನೇ ಹುಡುಕುತ್ತ ಕೂರುವುದಿಲ್ಲ. ಐವತ್ತೆರಡು ಸಾವಿರದ ಒಂದರಿಂದ ಐವತ್ತಮೂರು ಸಾವಿರದವರೆಗೆ ಎಂದು ಬರೆದು ಒತ್ತಿದ. ಮೂರು ಸಾಲು ಬಂದವು. ಮೂರರ ತಾರೀಕೂ ಈ ನಲವತ್ತು ದಿನದೊಳಗಿನದು. ಅದಕ್ಕೆ ಹಿಂದಿನ ಮುನ್ನೂರ ಎಂಬತ್ತಾರು ಇರಲಿಲ್ಲ. ಇಲ್ಲದವು ಮುನ್ನೂರ ಎಂಬತ್ತಾರು ಎಂದು ಎಣಿಸದೆಯೇ ತನಗೆ ಹೇಗೆ ಗೊತ್ತಾಯಿತು ಎಂದು ಒಂದು ಗಳಿಗೆ ಅವನಿಗೇ ಸೋಜಿಗವಾಯಿತು, ಮರುಗಳಿಗೆ ನೆನಪಾಯಿತು. "ಇವತ್ತು ಮೆಷಿನ್ ಕೆಟ್ಟಿದೆ. ಸೋಮವಾರ ಬನ್ನಿ" ಎಂದ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ಕಂಡು ನಾಚಿಕೆಯಾಯಿತು. ದರ್ಜಿ, "ಪರವಾಗಿಲ್ಲ ಸಾರ್, ಇಲ್ಲೇ ಇರುತ್ತಲ್ಲ, ಎಲ್ಲಿಗೆ ಹೋಗುತ್ತೆ" ಎಂದು ಚೀಟಿಯ ಬೆನ್ನಿಗೆ ಫೋನ್ ನಂಬರು ಬರೆದು ಕೊಟ್ಟು ಹೋದ.

ನಲವತ್ತಮೂರು ದಿನದ ಹಿಂದೆ ಜಾಗ ತುಂಬಿ ಯಂತ್ರ ಏದುಸಿರು ಬಿಡುತ್ತಿತ್ತು. ಹತ್ತು ವರ್ಷ ದಾಟಿದ ದನಿಗಳನ್ನು ಅಳಿಸಬಹುದೆಂದು ಮೊದಲಿನಿಂದಲೂ ನಿಯಮವಿದೆ, ಮನೆಯವರಿಂದ ಸಹಿಯನ್ನೂ ಹಾಕಿಸಿಕೊಂಡಿರುತ್ತಾರೆ. ತಾರೀಕು ನೋಡಿ ಅಳಿಸುವುದೇ ಸರಿಯಾದ ದಾರಿ. ಆದರೆ ತಾರೀಕು ಹಿಡಿದು ಹುಡುಕಲು ಹೇಳಿದರೆ ಅದು ಒಂದೊಂದೇ ಸಾಲನ್ನು ಬಿಚ್ಚಿ ನೋಡುತ್ತಿತ್ತು, ಅಷ್ಟು ಹೊತ್ತು ಇಡೀ ಆಸ್ಪತ್ರೆಯ ಕೆಲಸ ನಿಲ್ಲುತ್ತಿತ್ತು, ಮೇಲಿನ ಮಹಡಿಯಿಂದ ಫೋನಿನ ಮೇಲೆ ಫೋನು. ಕ್ರಮಸಂಖ್ಯೆ ಹಿಡಿದರೆ ಆ ರಗಳೆಯಿಲ್ಲ. ಮೊದಲು ಬಂದವರಿಗೆ ಚಿಕ್ಕ ಸಂಖ್ಯೆ, ಆಮೇಲೆ ಬಂದವರಿಗೆ ದೊಡ್ಡದು. ಸಂಖ್ಯೆ ಚಿಕ್ಕದಿದ್ದರೆ ಹಳೆಯದೆಂದೇ ಲೆಕ್ಕ. ಹತ್ತು ವರ್ಷದ ಹಿಂದೆ ಅದೇ ದಿನ ಬಂದವರ ಸಂಖ್ಯೆ ಐವತ್ತೆಂಟು ಸಾವಿರದ ಚಿಲ್ಲರೆ ಎಂದು ನೋಡಿಕೊಂಡು, ಅದರ ಕೆಳಗಿನದನ್ನು ಸಾವಿರ ಸಾವಿರದ ಕಂತೆ ಮಾಡಿ ಅಳಿಸುತ್ತ ಬಂದ. ಪ್ರತಿ ಕಂತೆ ಮುಗಿದಾಗಲೂ ಯಂತ್ರ ಎಷ್ಟು ಅಳಿಸಿದೆನೆಂದು ಹೇಳುತ್ತಿತ್ತು: ಒಂಬೈನೂರ ತೊಂಬತ್ತೇಳು, ಒಂಬೈನೂರ ತೊಂಬತ್ತೊಂದು, ಸಾವಿರ. ಒಂದೇ ಒಂದು ಕಂತೆಗೆ ಮಾತ್ರ ಮುನ್ನೂರ ಎಂಬತ್ತಾರು ಎಂದಿತ್ತು. ಅದನ್ನು ಅವನು ಓದಿದ್ದ. ಕಣ್ತಪ್ಪಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು; ಓದಿದ್ದ, ಎದುರಿಗೆ ಊಟದ ಡಬ್ಬಿ ತೆರೆದಿತ್ತು, ಏನೋ ನಡುವೆ ಖಾಲಿ ಬಿಟ್ಟಿರಬೇಕು ಎಂದುಕೊಂಡು ತುತ್ತು ಬಾಯಿಗಿಟ್ಟು ಮುಂದಿನ ಕಂತೆಗೆ ಹೋಗಿದ್ದ.

ಖಾಲಿ ಬಿಟ್ಟವನು ಅವನೇ. ಹನ್ನೊಂದು ವರ್ಷದ ಹಿಂದೆ, ಊರಾಚೆಯ ಸಣ್ಣ ಶಾಖೆ ಶುರುವಾದಾಗ ಅಲ್ಲಿಗೆ ಲೈನ್ ಇರಲಿಲ್ಲ, ಅಲ್ಲಿಯ ಯಂತ್ರ ಇಲ್ಲಿಯ ಯಂತ್ರವನ್ನು ಮುಂದಿನ ಸಂಖ್ಯೆ ಯಾವುದೆಂದು ಕೇಳುವಂತಿರಲಿಲ್ಲ. ಹಾಗಾಗಿ ಇವನು ಐವತ್ತೆರಡು ಸಾವಿರದ ಒಂದರಿಂದ ಐವತ್ತಮೂರು ಸಾವಿರದವರೆಗಿನ ಸಾವಿರ ಸಂಖ್ಯೆಗಳನ್ನು ಅವರಿಗೆಂದೇ ಎತ್ತಿಟ್ಟ. ಇಷ್ಟು ನಿಮ್ಮದು, ನಾವು ಮುಟ್ಟಲ್ಲ, ಎಂದು ತನ್ನ ಕೈಯಾರೆ ಬರೆದು ಕಳಿಸಿದ್ದ. ಅಲ್ಲಿ ಹಿಡಿದ ದನಿಗಳು ಆಮೇಲೆ ಇಲ್ಲಿಯ ಪಟ್ಟಿಗೇ ಬಂದು ಸೇರುತ್ತಿದ್ದವು. ಇಲ್ಲಿ ಸಂಖ್ಯೆಗಳು ಐವತ್ತಮೂರು ಸಾವಿರದ ಒಂದಕ್ಕೆ ಜಿಗಿದು ಓಡಿದವು. ಅಲ್ಲಿ ವರ್ಷಕ್ಕೆ ಮೂವತ್ತೋ ಮೂವತ್ತೈದೋ ಜನ, ನಿಧಾನವಾಗಿ, ಆ ಸಾವಿರವನ್ನು ಇನ್ನೂ ಖರ್ಚು ಮಾಡುತ್ತಿದ್ದರು. ಮುನ್ನೂರ ಎಂಬತ್ತಾರರಲ್ಲಿ ಹತ್ತು ವರ್ಷ ದಾಟಿದ್ದು ಮೊದಲಿನ ಮೂವತ್ತೊಂದು ಮಾತ್ರ. ಉಳಿದ ಮುನ್ನೂರ ಐವತ್ತೈದನ್ನು ಹಳೆಯವೆಂದು ಅಳಿಸಿದ್ದ; ಅವುಗಳಲ್ಲಿ ಕೆಲವಕ್ಕೆ ಆಗಿನ್ನೂ ತಿಂಗಳೂ ತುಂಬಿರಲಿಲ್ಲ. ಅಳಿಸಿದ್ದರ ನಕಲು ಮೂವತ್ತು ದಿನ ಇರುತ್ತದೆ, ಆಮೇಲೆ ಅದರ ಮೇಲೆಯೇ ಹೊಸದು ಕೂರುತ್ತದೆ. ಹದಿಮೂರು ದಿನ ಮುಂಚೆ ಆ ದರ್ಜಿ ಬಂದಿದ್ದರೆ ಎಲ್ಲವೂ ಸಿಗುತ್ತಿತ್ತು. ಹದಿಮೂರು ದಿನ ಮುಂಚೆ ಅವನ ಹೆಂಡತಿಯ ಕಾರ್ಯವಿನ್ನೂ ಮುಗಿದಿತ್ತೋ ಇಲ್ಲವೋ.

ಐವತ್ತೆರಡು ಸಾವಿರದ ಮುನ್ನೂರ ಇಪ್ಪತ್ತೊಂಬತ್ತನ್ನು ಅವನು ಕೊನೆಗೆ ಒತ್ತಿದ. ಅದು ಅಕ್ಕನ ಸಂಖ್ಯೆ. ಕಂತೆಯೇ ಇಲ್ಲವೆಂದ ಮೇಲೆ ಅದರೊಳಗಿನ ಸಾಲು ಇರುವುದಿಲ್ಲ ಎಂಬುದು ಗೊತ್ತಿದ್ದೂ ಒತ್ತಿದ. ಎರಡು ವರ್ಷ ಆ ಸಾಲು ಅವನ ಮೇಜಿನಿಂದ ಒಂದು ಬೆರಳಿನ ದೂರದಲ್ಲಿತ್ತು. ಒಂದು ಸಂಖ್ಯೆ ಬರೆದು ಒತ್ತಿದ್ದರೆ ಅವಳು ಮಾತಾಡುತ್ತಿದ್ದಳು. ನಾಳೆ ಕೇಳಿದರಾಯಿತು, ಸುತ್ತ ಜನ ಇಲ್ಲದಾಗ ಕೇಳಿದರಾಯಿತು, ಎಂದು ಎರಡು ವರ್ಷ ದೂಡಿದ್ದ.

ಸುತ್ತ ಜನ ಇರುವುದೇ ಅವನಿಗೆ ಮೊದಲಿನಿಂದ ತೊಡಕು. ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಅವನು ಓದಿದ ಶಾಲೆಯಲ್ಲೇ ಆಟದ ಟೀಚರು. ಸೀಟಿಯ ಅಗತ್ಯ ಬೀಳದ ಗಂಟಲು. ಮೈದಾನದ ಆ ತುದಿಯಿಂದ, "ಗುಬ್ಬೀ, ಮೂಗು ಒರೆಸ್ಕೊಳ್ಳೋ!" ಎಂದು ಕೂಗಿದರೆ ಮೂರು ತರಗತಿಗಳು ಕಿಟಕಿಗೆ ಬಂದು ಅವನ ಮೂಗು ನೋಡುತ್ತಿದ್ದವು. ಕೆಲಸಕ್ಕೆ ಸೇರಿದ ಎರಡನೆಯ ದಿನ ಅವನು ಮರೆತು ಬಂದ ಊಟದ ಡಬ್ಬಿ ಹಿಡಿದು ಆಸ್ಪತ್ರೆಯ ಬಾಗಿಲಿಗೇ ಬಂದವಳು, ಯಾರನ್ನೂ ಕೇಳುವ ಗೋಜಿಗೆ ಹೋಗದೆ, ಕೆಳಗೆ ನಿಂತು ಮೂರನೆಯ ಮಹಡಿಗೆ ಕೇಳುವಂತೆ, "ಗುಬ್ಬೀ, ಡಬ್ಬಿ!" ಎಂದು ಕೂಗಿದಳು. ಗಂಟಲು ನೋವೆಂದು ಬಂದ ರೋಗಿಗಳೆಲ್ಲ ಅಸೂಯೆಯಿಂದ ತಲೆಯೆತ್ತಿದರಂತೆ. ಆರು ತಿಂಗಳು ಆಫೀಸಿನಲ್ಲಿ ಅದೇ ಮಾತು. ಕಿಟಕಿಯಲ್ಲಿ ಕೂರುವ ಹೆಂಗಸಂತೂ ಅದನ್ನು ಅಚ್ಚುಕಟ್ಟಾಗಿ ಅನುಕರಿಸುತ್ತಿದ್ದಳು. ಚಹಾದ ಹೊತ್ತಿಗೆ ಯಾರಾದರೂ ಒಬ್ಬರು ಅವಳಿಂದ ಒಮ್ಮೆ ಮಾಡಿಸಿ ನಗುತ್ತಿದ್ದರು, ಇವನೂ ನಕ್ಕಂತೆ ಮಾಡುತ್ತಿದ್ದ. ಹದಿನಾಲ್ಕು ವರ್ಷ ಕಳೆದು ಅಕ್ಕನಿಗೇ ಗಂಟಲಿನ ಕಾಯಿಲೆ ಎಂದಾಗ, "ನಿನ್ನ ಆಸ್ಪತ್ರೆ ಇದೆಯಲ್ಲೋ" ಎಂದಳು. ಇವನು, "ಅಲ್ಲಿ ಜನ ಜಾಸ್ತಿ ಅಕ್ಕ, ಊರಾಚೆ ಶಾಖೇಲಿ ಆರಾಮಾಗಿ ಆಗುತ್ತೆ, ಡಾಕ್ಟ್ರು ಅವರೇ" ಎಂದ. ದನಿ ಹಿಡಿಯುವ ದಿನ ಅವಳೊಬ್ಬಳೇ ಎರಡು ಬಸ್ಸು ಬದಲಿಸಿ ಹೋಗಿ ಬಂದಳು. ಇವನಿಗೆ ಅಂದು ರಜೆ ಸಿಗಲಿಲ್ಲ, ಕೇಳಿರಲೂ ಇಲ್ಲ. ಇಲ್ಲಿಗೇ ಕರೆದುಕೊಂಡು ಬಂದಿದ್ದರೆ ಅವಳಿಗೆ ಲಕ್ಷ ದಾಟಿದ ಸಂಖ್ಯೆ ಸಿಗುತ್ತಿತ್ತು, ಅವಳ ದನಿ ಉಳಿಯುತ್ತಿತ್ತು.

ಕಾಲು ತಾನಾಗಿಯೇ ಅವನನ್ನು ಕಿಟಕಿಯ ಹತ್ತಿರ ಒಯ್ದಿತು. ಆ ಹೆಂಗಸು ಚೀಟಿಗಳಿಗೆ ಪಿನ್ನು ಹೊಡೆಯುತ್ತಿದ್ದಳು, ಮೊದಲಿನ ಹುರುಪಿಲ್ಲ, ಕನ್ನಡಕ ಬಂದಿದೆ. "ನಮ್ಮಕ್ಕ ಕೂಗ್ತಿದ್ದ ಹಾಗೆ ಮಾಡ್ತಿದ್ರಲ್ಲ ನೀವು..." ಎಂದು ಶುರುಮಾಡಿದ. ಅವಳ ಮುಖ ಪೆಚ್ಚಾಯಿತು.

"ಅಯ್ಯೋ, ಅದು ಯಾವ ಕಾಲದ್ದು? ಅವರಿಗೆ ಹಾಗಾದ ಮೇಲೆ ನಾನು ಒಂದು ದಿನಾನೂ ಮಾಡಿಲ್ಲ. ಯಾರು ಹೇಳಿದ್ರು ನಿಮಗೆ?"

"ಹಾಗಲ್ಲ. ಒಂದು ಸಲ ಮಾಡಿ ತೋರಿಸಿ ಅಂತ..."

"ತಪ್ಪಾಯ್ತು ಬಿಡಿ. ಹೀಗೆ ಕುಟುಕಬೇಡಿ." ಅವಳ ಕಣ್ಣಲ್ಲಿ ನೀರು ಬಂದಿತ್ತು. ಕುಟುಕುತ್ತಿಲ್ಲ, ಈಗ ಈ ಲೋಕದಲ್ಲಿ ಅಕ್ಕನ ಕೂಗು ಉಳಿದಿದ್ದರೆ ನಿಮ್ಮ ಬಾಯಲ್ಲೇ, ಎಂದು ಹೇಗೆ ಹೇಳುವುದು? ಅವನು ಒಂದು ಪಿನ್ನು ಕೆಳಗೆ ಬಿದ್ದಿದ್ದನ್ನು ಎತ್ತಿ ಅವಳ ಮೇಜಿನ ಮೇಲಿಟ್ಟು ಬಂದ.

ಮಧ್ಯಾಹ್ನ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದ. ಕೇಳಿದರೆ ಕೊಡಲು ಇರಲಿ ಎಂದು ಆ ಶಾಖೆಯವರ ಹೆಸರು, ಫೋನ್ ನಂಬರುಗಳನ್ನು ಅಚ್ಚು ಹಾಕಿ ಮಡಚಿ ಕೈಯಲ್ಲಿ ಹಿಡಿದಿದ್ದ. ಹೆಸರುಗಳು ಬೇರೊಂದು ಪಟ್ಟಿಯಲ್ಲಿ ಹಾಗೇ ಇದ್ದವು, ದನಿ ಮಾತ್ರ ಹೋಗಿತ್ತು. ಮುಖ್ಯಸ್ಥರು ಒಳ್ಳೆಯವರು, ಕೂಗಾಡುವವರಲ್ಲ. ಪೂರ್ತಿ ಕೇಳಿದರು, ಚಹಾ ತರಿಸಿದರು.

"ಎಷ್ಟು ಜನರದ್ದು?"

"ಮುನ್ನೂರ ಐವತ್ತೈದು ಸಾರ್."

"ಕೇಳ್ಕೊಂಡು ಬಂದವರು?"

"ಇವತ್ತು ಒಬ್ಬರು."

"ಸರಿ, ಆ ಒಬ್ಬರಿಗೆ ಫೈಲ್ ಹಾಳಾಗಿದೆ ಅನ್ನಿ. ಉಳಿದವರು ತಮ್ಮ ದನಿ ಇಲ್ಲಿದೆ ಅಂದ್ಕೊಂಡು ನೆಮ್ಮದಿಯಾಗಿದ್ದಾರೆ. ಬಹಳಷ್ಟು ಜನ ಯಾವತ್ತೂ ಬರಲ್ಲ, ನಿಮಗೇ ಗೊತ್ತು. ಇಲ್ಲದ ದುಃಖ ಮನೆಮನೆಗೆ ಹಂಚಿ ಬರೋದ್ರಿಂದ ಯಾರಿಗೇನು ಉಪಯೋಗ ಹೇಳಿ?" ಅವರು ಇವನ ಭುಜ ತಟ್ಟಿದರು. "ನೀವು ಒಳ್ಳೆ ಕೆಲಸಗಾರರು. ಚಹಾ ಕುಡೀರಿ, ಆರುತ್ತೆ."

ಚಹಾ ಕುಡಿದ. ಎದೆಯ ಮೇಲಿನ ಭಾರ ಇಳಿದಂತಾಯಿತು, ಇಳಿದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ಹಗುರವಾಗಿದ್ದು ನಿಜ. ಅಳಿಸಿದವರಲ್ಲಿ ಒಬ್ಬಳು ತನ್ನ ಅಕ್ಕ ಎಂಬುದನ್ನು ಹೇಳಲಿಲ್ಲ. ಅಕ್ಕನೂ ಕೇಳಿಕೊಂಡು ಬಾರದವರ ಪೈಕಿ. ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಸುಮ್ಮನಿದ್ದರೆ ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಆ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಲು ಹೋಗಿ, ಯಾರಾದರೂ ನೋಡಿಯಾರು ಎಂದು ಚೀಲಕ್ಕೆ ತುರುಕಿದ. ಮನೆಯ ಬಸ್ಸು ಎದುರಿಗೇ ಬಂದು ನಿಂತಿತು, ಖಾಲಿಯೂ ಇತ್ತು. ಹತ್ತಲಿಲ್ಲ. ಶಾಲೆಯ ಕಡೆಗೆ ಹೋಗುವ ಇನ್ನೊಂದು ಬಸ್ಸಿಗೆ ಇಪ್ಪತ್ತು ನಿಮಿಷ ಕಾದು ನಿಂತ. ಹೇಳುವುದಕ್ಕೆ ಹೋಗುತ್ತಿದ್ದೇನೆ ಎಂದೇನೂ ನಿರ್ಧರಿಸಿರಲಿಲ್ಲ. ಅಕ್ಕನನ್ನು ನೋಡಿ ಹದಿನೈದು ದಿನವಾಯಿತು ಎಂದಷ್ಟೇ ಅಂದುಕೊಂಡ.

ಅಕ್ಕನ ಮನೆ ಮೈದಾನದ ಬೇಲಿಗೆ ಅಂಟಿದ ಎರಡು ಕೋಣೆ. ಬಿಸಿಲು ಇನ್ನೂ ಇತ್ತು. ಬಾಗಿಲಲ್ಲಿ ಕೂತು ಫುಟ್‌ಬಾಲಿಗೆ ಪಂಪಿನಿಂದ ಗಾಳಿ ತುಂಬುತ್ತಿದ್ದಳು, ಪಕ್ಕದಲ್ಲಿ ಮೆತ್ತಗಾದ ಇನ್ನೂ ಆರೇಳು ಚೆಂಡು. ಕೆಲಸ ಬಿಟ್ಟ ಮೇಲೂ ಬೆಳಗ್ಗೆ ಮಕ್ಕಳನ್ನು ಓಡಿಸುತ್ತಾಳೆ. ಈಗ ಉಸಿರಾಟವೆಲ್ಲ ಕತ್ತಿನ ತೂತಿನಿಂದ, ಬಾಯಿಗೆ ಗಾಳಿ ಬರುವುದಿಲ್ಲ, ಹಾಗಾಗಿ ಸೀಟಿ ಊದಲೂ ಆಗದು. ಚಪ್ಪಾಳೆ ತಟ್ಟಿ ಓಡಿಸುತ್ತಾಳೆ. ಇವನನ್ನು ಕಂಡು ಮುಖವರಳಿಸಿ, ಕತ್ತಿನ ಬಟ್ಟೆ ಸರಿಮಾಡಿಕೊಂಡು, ಊಟವಾಯಿತೇ ಎಂದು ಕೈಯಲ್ಲಿ ಕೇಳಿದಳು. ಆಯ್ತು ಎಂದು ಸುಳ್ಳು ಹೇಳಿದ. ಅವಳು ನಂಬಲಿಲ್ಲ, ಒಳಗಿನಿಂದ ಬಾಳೆಹಣ್ಣು ತಂದಿಟ್ಟಳು. ಅವನು ಒಂದು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತ. ಬೇರೆ ಏನಾದರೂ ಮಾತಾಡೋಣವೆಂದು ಬಾಯಿ ತೆರೆದರೆ ಬಂದದ್ದು ಅದೇ.

"ಅಕ್ಕ, ನಿನ್ನ ದನಿ ಹೋಯ್ತು."

ಅದೇನು ಹೊಸ ಸುದ್ದಿಯೇ ಎಂಬಂತೆ ಅವಳು ಹುಬ್ಬೇರಿಸಿ, ಕತ್ತನ್ನು ಮುಟ್ಟಿ ತೋರಿಸಿ ನಕ್ಕಳು. ನಕ್ಕರೆ ಸದ್ದಿಲ್ಲ, ಭುಜ ಕುಣಿಯುತ್ತದೆ ಅಷ್ಟೆ. ಅವನು ಎಲ್ಲವನ್ನೂ ಹೇಳಿದ. ಎತ್ತಿಟ್ಟ ಸಾವಿರ, ಅಳಿಸಿದ ಕಂತೆ, ಓದಿಯೂ ದಾಟಿಹೋದ ಮುನ್ನೂರ ಎಂಬತ್ತಾರು. ಹೇಳುತ್ತ ಹೋದಂತೆ ಅವಳ ಕೈ ಪಂಪಿನ ಮೇಲೆ ನಿಂತಿತು. "ನಿನ್ನನ್ನ ನಮ್ಮ ಆಸ್ಪತ್ರೆಗೇ ಕರ್ಕೊಂಡು ಹೋಗಿದ್ರೆ ಹೀಗಾಗ್ತಿರ್ಲಿಲ್ಲ. ಯಾಕೆ ಕರ್ಕೊಂಡು ಹೋಗ್ಲಿಲ್ಲ ಅಂದ್ರೆ..." ಅವಳು ಕೈಯೆತ್ತಿ ತಡೆದಳು. ರೂಲು ಹಾಕಿದ ನೋಟ್‌ಬುಕ್ಕು ಎಳೆದುಕೊಂಡು ಬರೆದಳು: ಗೊತ್ತು. ಅವತ್ತೇ ಗೊತ್ತಿತ್ತು.

ಹಾಗೆ ಬರೆದು ಅವನ ಕಡೆ ತಿರುಗಿಸಿಟ್ಟಳು. ಅಕ್ಷರಗಳು ಎಂದಿನಂತೆ ದೊಡ್ಡವು, ದುಂಡಗೆ. ಅವನಿಗೆ ಅಳು ಬಂತು. ಚಿಕ್ಕಂದಿನಲ್ಲಾದರೆ ಅವಳು, ಅಳ್ಬೇಡ್ವೋ, ಎಂದು ಊರಿಗೆಲ್ಲ ಕೇಳುವಂತೆ ಸಮಾಧಾನ ಮಾಡುತ್ತಿದ್ದಳು. ಈಗ ಸುಮ್ಮನೆ ಕೂತಿದ್ದಳು. ಸಮಾಧಾನ ಮಾಡಲು ಆಗದೆ ಸುಮ್ಮನಿದ್ದಾಳೋ, ಮನಸ್ಸಿಲ್ಲದೆಯೋ, ಇನ್ನು ಮುಂದೆ ಅದು ತನಗೆ ತಿಳಿಯುವುದಿಲ್ಲ ಎಂದು ಅವನಿಗೆ ಹೊಳೆಯಿತು.

"ಆ ಕೊನೆ ಐದು ನಿಮಿಷ ಏನು ಹೇಳಿದ್ದೆ ಅಕ್ಕ?"

ಅವಳು ಪೆನ್ನು ಎತ್ತಿಕೊಂಡಳು. ನೆನಪಿಲ್ಲ, ಎಂದು ಬರೆದಳು. ಮೂವತ್ತು ವರ್ಷದ ಹಿಂದೆ ಯಾವ ಮಗು ಯಾವ ಓಟದಲ್ಲಿ ಬಿದ್ದಿತೆಂಬುದು ನೆನಪಿರುವ ಅಕ್ಕ. ಅವನು ಮತ್ತೆ ಕೇಳಲಿಲ್ಲ. ಕೇಳುವ ಹಕ್ಕು ಅವನಿಗೆ ಎರಡು ವರ್ಷ ಇತ್ತು.

ಅವಳು ಹಾಳೆ ತಿರುಗಿಸಿ ಇನ್ನೊಂದು ಸಾಲು ಬರೆದಳು: ಉಳಿದವರಿಗೆ ಹೇಳಿದೆಯಾ?

"ಇಲ್ಲ. ಹೇಳೋದು ಬೇಡ ಅಂದ್ರು. ಅವರಾಗಿ ಕೇಳ್ಕೊಂಡು ಬರಲ್ಲ ಅಂತ..."

ಅವಳು ಚೀಲದ ಕಡೆ ನೋಡಿದಳು. ಪಟ್ಟಿಯ ಅಂಚು ಹೊರಗೆ ಇಣುಕುತ್ತಿತ್ತು. ಎಳೆದು ತೆಗೆದು, ಮೊಣಕಾಲಿನ ಮೇಲೆ ಹಾಸಿ, ಮಡಿಕೆಗಳನ್ನು ಅಂಗೈಯಿಂದ ತೀಡಿದಳು. ಬೆರಳಿಟ್ಟು ಹೆಸರು ಹೆಸರೇ ಓದುತ್ತ ಹೋದಳು. ಒಂದಿಬ್ಬರ ಹತ್ತಿರ ಬೆರಳು ನಿಂತಿತು; ಶಾಖೆಯ ಬೆಂಚಿನ ಮೇಲೆ ಜೊತೆಯಲ್ಲಿ ಕೂತಿದ್ದವರಿರಬೇಕು. ಆಮೇಲೆ ಅವನ ಜೇಬಿನಿಂದ ತಾನೇ ಫೋನು ತೆಗೆದು ಅವನ ಕೈಗಿಟ್ಟಳು. ಆಟದ ಟೀಚರ ಮುಖ ಅದು, ಅದರೆದುರು ಎಂಥ ಹುಡುಗನೂ ನೆಪ ಹೇಳಿದ್ದಿಲ್ಲ. ಇವತ್ತು ಬಂದವರು ಯಾರು ಎಂದು ಬರೆದು ಕೇಳಿದಳು. ಅವನು ದರ್ಜಿಯ ಚೀಟಿ ತೋರಿಸಿದ. ಮೊದಲು ಅದಕ್ಕೆ ಎಂದು ಬೆರಳು ಮಾಡಿದಳು.

"ಸಿಕ್ತಾ ಸಾರ್? ಮೆಷಿನ್ ಸರಿ ಹೋಯ್ತಾ?" ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಮೆಷಿನ್ ಕೆಟ್ಟಿರಲಿಲ್ಲ. ನಾನು ಸುಳ್ಳು ಹೇಳ್ದೆ. ನಿಮ್ಮ ಮನೆಯವರ ದನಿ ಇಲ್ಲ. ಅಳಿಸಿಹೋಗಿದೆ. ನಾನೇ ಅಳಿಸಿದ್ದು, ತಪ್ಪಾಗಿ. ಮತ್ತೆ ಸಿಗಲ್ಲ."

ಬೈಗುಳಕ್ಕೆ ಅವನು ಕಿವಿಯೊಡ್ಡಿ ಕೂತ. ಆಮೇಲೆ ದರ್ಜಿ ಮೆತ್ತಗೆ ಕೇಳಿದ, "ಅಳಿಸೋಕೆ ಮುಂಚೆ ನೀವ್ಯಾರಾದ್ರೂ ಕೇಳಿದ್ರಾ ಸಾರ್? ಏನು ಹೇಳಿದ್ಲು ಅಂತ ಯಾರಿಗಾದ್ರೂ ಗೊತ್ತಾ?"

"ಇಲ್ಲ. ಯಾರೂ ಕೇಳಿಲ್ಲ."

"ಯಾರೂ ಕೇಳಿಲ್ಲ" ಎಂದು ದರ್ಜಿಯೂ ಹೇಳಿದ. ಫೋನು ಇಟ್ಟ.

ಅಕ್ಕ ಪಟ್ಟಿಯಲ್ಲಿ ಐವತ್ತೆರಡು ಸಾವಿರದ ಮುನ್ನೂರ ಅರವತ್ತೊಂದರ ಎದುರು ಒಂದು ಗೀಟೆಳೆದಳು. ಮುನ್ನೂರ ಇಪ್ಪತ್ತೊಂಬತ್ತರ ಎದುರೂ ಎಳೆದಳು, ಅದು ತನ್ನದು. ಆಮೇಲೆ ಮೊದಲ ಹಾಳೆಗೆ ಬಂದು, ನಿಯಮದಂತೆ ಹೋದ ಮೂವತ್ತೊಂದನ್ನು ಬಿಟ್ಟು, ಐವತ್ತೆರಡು ಸಾವಿರದ ಮೂವತ್ತೆರಡರ ಮೇಲೆ ಬೆರಳಿಟ್ಟಳು. ಅವನು ನಂಬರು ಒತ್ತಿದ. ಐದಾರು ಸಲ ಗಂಟೆಯಾಗಿ ಯಾರೋ ಎತ್ತಿದರು. ಹಲೋ ಎಂದ. ಮಾತಿಲ್ಲ. ಮತ್ತೆ ಹಲೋ ಎಂದ. ಆ ಕಡೆ ಉಗುರಿನಿಂದ ಫೋನನ್ನು ಎರಡು ಸಲ ಬಡಿದ ಸದ್ದು ಬಂತು, ಕೇಳುತ್ತಿದ್ದೇನೆ, ಹೇಳಿ, ಎಂಬಂತೆ. ಅದರ ಹಿಂದೆಯೇ ಕತ್ತಿನಿಂದ ಬರುವ ಹಸಿ ಉಸಿರು. ಆಗ ಅವನಿಗೆ ಅರ್ಥವಾಯಿತು. ಈ ಪಟ್ಟಿಯಲ್ಲಿ ಬದುಕಿರುವವರು ಯಾರೂ ಮರುಮಾತಾಡಲಾರರು. ಅವನು ತಾನು ಯಾರೆಂದು ಹೇಳಿದ, ಏನು ಮಾಡಿದೆನೆಂದು ಹೇಳಿದ, ಕ್ಷಮಿಸಿ ಎಂದ. ಆ ಉಸಿರು ಒಮ್ಮೆ ಕಟ್ಟಿ, ಮತ್ತೆ ಶುರುವಾಯಿತು. ಬೈಯಲಿ ಎಂದು ಕಾದ. ಬೈಯಲು ಅವರಿಗೆ ಉಳಿದಿದ್ದ ದನಿಯನ್ನೂ ಅವನೇ ಅಳಿಸಿದ್ದ. ಅವರು ಫೋನು ಇಡಲಿಲ್ಲ, ಇವನಿಗೂ ಇಡಲಾಗಲಿಲ್ಲ. ಅಕ್ಕ ಅವನ ಪಕ್ಕದಲ್ಲಿ ಕೂತು, ಅದು ಮುಗಿಯಲೆಂದು ಮುಂದಿನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು.